ಅವಧಿ ತೀರಿದ ಆಂಟಿವೈರಸ್: ಬದಲಿಸುವ ಕ್ರಮ

ನಮ್ಮ ಬಾಂಧವರಲ್ಲಿ ಹಲವರು ಹಳೆಯ ಕಂಪ್ಯೂಟರನ್ನು ಅಗ್ಗಕ್ಕೆ ಕೊಂಡು ಮನೆಯಲ್ಲಿಟ್ಟುಕೊಂಡಿದ್ದಾರೆ. ಮಕ್ಕಳ ಪಾಠ, ಊರಿನ ಜಮೀನಿನ ಪಹಣಿ, ಭವಿಷ್ಯನಿಧಿಯ ಕಾಗದ, ಬ್ಯಾಂಕಿನ ವ್ಯವಹಾರ, ಎಲ್ಲವೂ ಅದರಲ್ಲೇ. ಅದನ್ನು ಕಾಯುವ ಆಂಟಿವೈರಸ್ಸಿಗೂ ಆಯುಸ್ಸು ಉಂಟೆಂಬುದನ್ನು ನಾವು ತಿಳಿದಿರಬೇಕು.

ಈ ಕಾವಲಿನ ಬಗೆ ಹೀಗೆ. ಗಿರಣಿಯ ಗೇಟಿನ ಕಾವಲುಗಾರನ ಕೈಯಲ್ಲಿ, ಒಳಗೆ ಬಿಡಬಾರದವರ ಪಟ್ಟಿಯೊಂದು ಇದೆಯೆನ್ನೋಣ. ಹೊಸ ಕಳ್ಳರು ಹುಟ್ಟಿದಂತೆಲ್ಲ ಪಟ್ಟಿಯೂ ಬೆಳೆಯಬೇಕು. ಆಂಟಿವೈರಸ್ಸಿಗೂ ಇಂತಹ ಗುರುತಿನ ಪಟ್ಟಿ ಅದರ ಕಂಪೆನಿಯಿಂದ ಬರುತ್ತಲೇ ಇರುತ್ತದೆ. ಬೆಂಬಲ ಮುಗಿಯಿತೆಂದರೆ ಪಟ್ಟಿ ನಿಂತಿತೆಂದೇ ಅರ್ಥ. ಕಾವಲುಗಾರ ಸಮವಸ್ತ್ರ ತೊಟ್ಟು ನಿಂತೇ ಇರುತ್ತಾನೆ. ಹಳೆಯ ಕಳ್ಳನನ್ನು ಹಿಡಿದಾನು, ಹೊಸಬನಿಗೆ ಸಲಾಮು ಹೊಡೆದು ಒಳಗೆ ಬಿಟ್ಟಾನು.

ಮೈಕ್ರೋಸಾಫ್ಟ್ ಕಂಪೆನಿಯು 2009ರಲ್ಲಿ ‘ಸೆಕ್ಯುರಿಟಿ ಎಸೆನ್ಷಿಯಲ್ಸ್’ ಎಂಬ ಆಂಟಿವೈರಸ್ಸನ್ನು ಉಚಿತವಾಗಿ ಕೊಟ್ಟಿತು. ವಿಂಡೋಸ್ 7 ಇದ್ದವರು ಅನೇಕರು ಅದನ್ನೇ ನಂಬಿದ್ದರು. ವಿಂಡೋಸ್ 7ರ ಬೆಂಬಲ 2020ರ ಜನವರಿ 14ಕ್ಕೆ ಮುಗಿಯಿತು. ಗುರುತಿನ ಪಟ್ಟಿಯನ್ನು 2023ರವರೆಗೆ ಕೊಡುವೆವೆಂದು ಕಂಪೆನಿ ಹೇಳಿತ್ತು. ಆ ಗಡುವೂ ಕಳೆದುಹೋಯಿತು.

ಕಾವಲುಗಾರನಷ್ಟೇ ಅಲ್ಲ, ಗೋಡೆಯೂ ಗಟ್ಟಿಯಿರಬೇಕು. 2017ರ ಮೇ 12ರಂದು ‘ವಾನಾಕ್ರೈ’ ಎಂಬ ಪಿಡುಗು ಲೋಕದಲ್ಲೆಲ್ಲ ಹಬ್ಬಿ, ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳೂ ತತ್ತರಿಸಿದವು. ಅದು ನುಗ್ಗಿದ ಬಿರುಕಿಗೆ ಬೇಕಾದ ತೇಪೆಯನ್ನು ಕಂಪೆನಿಯು ಎರಡು ತಿಂಗಳ ಹಿಂದೆ, ಮಾರ್ಚಿಯಲ್ಲೇ ಕೊಟ್ಟಿತ್ತು. ಹಾಕಿಕೊಳ್ಳದವರು ಕೆಟ್ಟರು.

ಇನ್ನು ಬದಲಿಸುವ ಕ್ರಮ:

1. ಮೊದಲು ಮುಖ್ಯ ಕಾಗದ, ಫೋಟೋಗಳನ್ನು ಪೆನ್‌ಡ್ರೈವಿಗೆ ನಕಲು ಮಾಡಿ, ಅದನ್ನು ಕಳಚಿ ಬೇರೆಯಾಗಿಡಿ.

2. ವಿಂಡೋಸ್ ಯಾವುದೆಂದು ನೋಡಿ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಯಂತ್ರವು ವಿಂಡೋಸ್ 11ನ್ನು ಒಪ್ಪದಿದ್ದರೆ ಉಚಿತವಾದ ಲಿನಕ್ಸ್ ಹಾಕಿಸಬಹುದು. ಅದೂ ಆಗದಿದ್ದರೆ ಆ ಯಂತ್ರದಲ್ಲಿ ಬ್ಯಾಂಕಿನ ಕೆಲಸ ಬೇಡ.

3. ವಿಂಡೋಸ್ 11ರಲ್ಲಿ ‘ಡಿಫೆಂಡರ್’ ಎಂಬ ಆಂಟಿವೈರಸ್ ಜೊತೆಗೇ ಬರುತ್ತದೆ. ಬೇರೆ ಕಾಸು ಕೊಡಬೇಕಿಲ್ಲ. ಬೇರೊಂದು ಬೇಕಾದರೆ ಆಯಾ ಕಂಪೆನಿಯ ತಾಣದಿಂದಲೇ ಇಳಿಸಿಕೊಳ್ಳಿ.

4. ಹೊಸದು ಕೈಗೆ ಬಂದ ಮೇಲೆ ಹಳೆಯದನ್ನು ತೆಗೆದು, ಯಂತ್ರವನ್ನು ಆರಿಸಿ ಮತ್ತೆ ಹಚ್ಚಿ. ಎರಡನ್ನೂ ಒಟ್ಟಿಗೆ ಇಡಬಾರದು. ಒಂದರ ಕೆಲಸಕ್ಕೆ ಇನ್ನೊಂದು ಅಡ್ಡ ಬಂದು ಯಂತ್ರ ನಿಧಾನವಾಗುತ್ತದೆ.

5. ಹೊಸದನ್ನು ಹಾಕಿ, ಪಟ್ಟಿ ತರಿಸಿ, ಯಂತ್ರವನ್ನು ಪೂರ್ತಿ ಒಮ್ಮೆ ಶೋಧಿಸಿ.

ಒಂದು ಎಚ್ಚರಿಕೆ. “ನಿಮ್ಮ ಆಂಟಿವೈರಸ್ ಅವಧಿ ತೀರಿದೆ, ಕೂಡಲೇ ಹಣ ಕಟ್ಟಿ” ಎಂದು ಪರದೆಯ ಮೇಲೆ ದಿಢೀರನೆ ಬರುವ ಬರಹಕ್ಕೂ, ಫೋನಿನಲ್ಲಿ ಬರುವ ಸವಿಮಾತಿಗೂ ಮರುಳಾಗಬಾರದು. ಓಟಿಪಿಯನ್ನು ಯಾರಿಗೂ ಹೇಳಬಾರದು. ಹಣ ಹೋಯಿತೆಂದು ತಿಳಿದೊಡನೆ 1930ಕ್ಕೆ ಫೋನು ಮಾಡಿ. ತಡಮಾಡಿದಷ್ಟೂ ಹಣ ಕೈಗೆ ಸಿಗುವುದು ಕಷ್ಟ.

ಈ ಭಾನುವಾರವೇ ಆಂಟಿವೈರಸ್ಸನ್ನು ತೆರೆದು, ಕೊನೆಯ ಪಟ್ಟಿ ಬಂದ ತಾರೀಖನ್ನು ನೋಡಿರಿ. ವಾರಕ್ಕಿಂತ ಹಳೆಯದಾಗಿದ್ದರೆ ಕಾರಣವನ್ನು ಹುಡುಕತಕ್ಕದ್ದು. ತಿಂಗಳ ಸಂಬಳದಲ್ಲಿ ಕೂಡಿಟ್ಟ ನಾಲ್ಕು ಕಾಸಿನ ರಕ್ಷಣೆ ಈ ತಾರೀಖಿನಿಂದ ಮೊದಲಾಗುತ್ತದೆ.