ಹುಡುಕಿದರೆ ಸಿಗುತ್ತದೆ, ಸಿಕ್ಕಮೇಲೆ?

ಭಾವನ ಮೊಬೈಲಿಗೆ ಮೆಸೇಜು ಬಂದಿತ್ತು: ಫುಲ್ ಬಾಡಿ ಸ್ಕ್ಯಾನ್, ಅರ್ಧ ಬೆಲೆ, ಭಾನುವಾರದವರೆಗೆ ಮಾತ್ರ. ‘ಮಾಡಿಸಿಬಿಡೋಣ ಮಾರಾಯ, ನೋಡಿಸಿಕೊಂಡರೆ ನಷ್ಟ ಎಂತ?’ ಅಂದರು. ನಷ್ಟ ಉಂಟು, ದುಡ್ಡಿನದಷ್ಟೇ ಅಲ್ಲ. ಅವರಿಗೆ ಹೇಳಿದ್ದು ಇಷ್ಟು. (ಗಂಟು, ರಕ್ತಸ್ರಾವ, ಮಾಯದ ಹುಣ್ಣು ಇರುವವರು ಇದನ್ನು ಓದುತ್ತ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ.)

1. ಕೊರಿಯಾ ನೆನಪಿಟ್ಟುಕೊಳ್ಳಿ.
ದಕ್ಷಿಣ ಕೊರಿಯಾ 1999ರಲ್ಲಿ ಕ್ಯಾನ್ಸರ್ ತಪಾಸಣೆಯ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿತು. ಅದರಲ್ಲಿ ಥೈರಾಯ್ಡ್ ಇರಲಿಲ್ಲ. ಹೇಗೂ ಬಂದಿದ್ದೀರಿ, ಚೂರು ದುಡ್ಡು ಸೇರಿಸಿದರೆ ಕುತ್ತಿಗೆಯ ಅಲ್ಟ್ರಾಸೌಂಡೂ ಆಗುತ್ತದೆ ಎಂದು ಆಸ್ಪತ್ರೆಗಳು ಆಸೆ ಹಚ್ಚಿದವು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವುದು 1993ಕ್ಕಿಂತ 15 ಪಟ್ಟಾಯಿತು. ಸಾವಿನ ಪ್ರಮಾಣ ಮಾತ್ರ ಇದ್ದಲ್ಲೇ ಇತ್ತು. ಸಿಕ್ಕ ಗಂಟುಗಳಲ್ಲಿ ಹೆಚ್ಚಿನವು, ಸುಮ್ಮನೆ ಬಿಟ್ಟಿದ್ದರೆ, ಕೇಡು ಮಾಡದೆ ಆಯಸ್ಸು ಮುಗಿದಾಗ ಮನುಷ್ಯನ ಜೊತೆಗೇ ಸುಡುಗಾಡಿಗೆ ಹೋಗುತ್ತಿದ್ದವು. ಈಗ ಆಪರೇಷನ್, ಆಮೇಲೆ ಬದುಕಿರುವಷ್ಟು ದಿನ ಖಾಲಿ ಹೊಟ್ಟೆಗೆ ಮಾತ್ರೆ. ಕೊಯ್ಸಿಕೊಂಡವರಲ್ಲಿ ನೂರಕ್ಕೆ ಸುಮಾರು 2 ಮಂದಿಗೆ ದನಿತಂತು ನಿಷ್ಕ್ರಿಯವಾಯಿತು. 2014ರಲ್ಲಿ ಅಲ್ಲಿನ ವೈದ್ಯರೇ ಕೆಲವರು ಈ ತಪಾಸಣೆ ಬೇಡ ಎಂದು ಕೂಗೆಬ್ಬಿಸಿದರು. ಒಂದೇ ವರ್ಷದಲ್ಲಿ ಆಪರೇಷನ್‌ಗಳು ಮೂರನೇ ಒಂದು ಪಾಲು ಇಳಿದವು.

2. ಶೇಕಡಾ ಲೆಕ್ಕ ಹೇಳಿದರೆ, ‘ಎಷ್ಟು ಜನರಲ್ಲಿ ಒಬ್ಬರಿಗೆ?’ ಎಂದು ಕೇಳಿ.
ಅಮೆರಿಕದಲ್ಲಿ ವರ್ಷಗಟ್ಟಲೆ ಸಿಗರೇಟು ಸೇದಿದ 53,000ಕ್ಕೂ ಹೆಚ್ಚು ಜನರನ್ನು ಇಟ್ಟುಕೊಂಡು ಅಧ್ಯಯನ ಮಾಡಿದರು. ವರ್ಷಕ್ಕೊಂದರಂತೆ ಮೂರು ಸಲ ಕಡಿಮೆ ವಿಕಿರಣದ ಸಿ.ಟಿ. ಮಾಡಿಸಿಕೊಂಡವರಲ್ಲಿ, ಎಕ್ಸ್‌ರೇ ಮಾಡಿಸಿಕೊಂಡವರಿಗಿಂತ, ಶ್ವಾಸಕೋಶದ ಕ್ಯಾನ್ಸರ್ ಸಾವು ಶೇ. 20 ಕಡಿಮೆ. ಅದೇ ಲೆಕ್ಕವನ್ನು ತಿರುಗಿಸಿ ಹೇಳಿದರೆ, ಸುಮಾರು 320 ಜನ ಸ್ಕ್ಯಾನ್ ಮಾಡಿಸಿದರೆ ಒಂದು ಜೀವ ಉಳಿಯುತ್ತದೆ. ‘ಏನೋ ಕಾಣುತ್ತಿದೆ’ ಎಂದ ರಿಪೋರ್ಟುಗಳಲ್ಲಿ ನೂರಕ್ಕೆ 96 ಕ್ಯಾನ್ಸರ್ ಆಗಿರಲಿಲ್ಲ. ಸೇದಿದವರಿಗೆ ಇದು ಒಪ್ಪುವ ವ್ಯಾಪಾರವೇ. ಬೀಡಿ ಮುಟ್ಟದ ಭಾವನಿಗೆ ಅಲ್ಲ. ನಮ್ಮಲ್ಲಂತೂ ಹಳೆ ಟಿ.ಬಿ.ಯ ಕಲೆಯೂ ಸ್ಕ್ಯಾನಿನಲ್ಲಿ ಗಂಟಿನ ಹಾಗೆ ಕಂಡೀತು.

3. ವಿಕಿರಣ ಎಷ್ಟು ಎಂದು ವಿಚಾರಿಸಿ.
ಅಲ್ಟ್ರಾಸೌಂಡ್, ಎಂ.ಆರ್.ಐ.ಗಳಲ್ಲಿ ಇಲ್ಲವೇ ಇಲ್ಲ. ಪೆಟ್ ಸಿ.ಟಿ.ಯಲ್ಲಿ, ಪ್ರಕೃತಿಯಿಂದ ಹಲವು ವರ್ಷ ಸೇರಿ ಬರುವಷ್ಟು ಒಂದೇ ದಿನ ಮೈಗಿಳಿಯುತ್ತದೆ.

4. ಸಿಕ್ಕರೆ ಮುಂದೇನು ಎಂದು ಮೊದಲೇ ಕೇಳಿಕೊಳ್ಳಿ.
‘4 ಮಿ.ಮೀ. ಗಂಟು, ಆರು ತಿಂಗಳ ನಂತರ ಮತ್ತೆ ನೋಡುವುದು’: ರಿಪೋರ್ಟಿನ ಕೊನೆಗೆ ಇಂಥದೊಂದು ಸಾಲು ಸಾಕು, ಆರು ತಿಂಗಳು ಮನೆಮಂದಿಗೆಲ್ಲ ನಿದ್ದೆಯಿಲ್ಲ. ಆಮೇಲೆ ಸೂಜಿ, ಬಯಾಪ್ಸಿ. ಅದರ ಖರ್ಚು ಪ್ಯಾಕೇಜಿನಲ್ಲಿ ಇರುವುದಿಲ್ಲ.

5. ಅಮ್ಮ, ಅಕ್ಕ, ಚಿಕ್ಕಮ್ಮ ಎಂದು ಮನೆಯಲ್ಲಿ ಹಲವರಿಗೆ ಸ್ತನ ಕ್ಯಾನ್ಸರ್ ಆಗಿದ್ದರೆ ನಿಮ್ಮ ಲೆಕ್ಕವೇ ಬೇರೆ. ಜಾಹೀರಾತು ಬಿಟ್ಟು ತಜ್ಞರನ್ನು ಕಾಣಿ.

6. ಅಗ್ಗದ್ದನ್ನು ಮೊದಲು ಮಾಡಿಸಿ.
30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳಿನ ತಪಾಸಣೆ ಸರಕಾರಿ ಕಾರ್ಯಕ್ರಮದಲ್ಲೇ ಇದೆ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು 20 ವರ್ಷ ಗಮನಿಸಿದರು. ತರಬೇತಾದ ಕಾರ್ಯಕರ್ತೆಯರು ಕೈಯಿಂದ ಮುಟ್ಟಿ ಪರೀಕ್ಷಿಸಿದ್ದಕ್ಕೇ 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು ಶೇ. 30 ಇಳಿಯಿತು. ಯಂತ್ರವಿಲ್ಲ, ಆಫರ್ ಇಲ್ಲ. ಬಾಯಿ ನೋಡಲು ಒಂದು ಟಾರ್ಚು ಸಾಕು.

‘ಭಾವಾ, ಸ್ಕ್ಯಾನು ಹಾಗಿರಲಿ, ಒಮ್ಮೆ ಬಾಯಿ ತೆಗೀರಿ ನೋಡೋಣ’ ಅಂದೆ. ತೆಗೆಯಲಿಲ್ಲ. ಹೊಗೆಸೊಪ್ಪು ಹಾಕಿದ ಕವಳ ತುಂಬಿತ್ತು.