ಬರವಣಿಗೆಯಿಂದ ಸಂಪಾದನೆಯೂ ಅದರಲ್ಲಿನ ಸೋಲುಗಳೂ



ಬರೆದು ಹಣ ಸಂಪಾದಿಸಬಹುದೇ ಎಂದು ಮೇಲಿನ ತರಗತಿಗಳ ಹೆಣ್ಣುಮಕ್ಕಳು ಈಚೆಗೆ ನಮ್ಮನ್ನು ಅಡಿಗಡಿಗೆ ಕೇಳುತ್ತಿರುವರು. ಇವರಲ್ಲಿ ಹಲವರು ದಂಡಿನಶಿವರದ ಕಡೆಯವರು, ತೆಂಗಿನ ತೋಟದ ಮನೆಗಳಲ್ಲಿ ಬೆಳೆದವರು. ಮನೆಯಲ್ಲಿ ಕುಳಿತು ಮೊಬೈಲಿನಲ್ಲಿಯೇ ಕಥೆಯನ್ನೋ ಲೇಖನವನ್ನೋ ಬರೆದು ಅಂತರಜಾಲದಲ್ಲಿ ಪ್ರಕಟಿಸಿದರೆ ಹಣ ಬರುವುದೆಂದು ಅವರು ಕೇಳಿ ಬಲ್ಲರು. ಬರುವುದುಂಟು, ಆದರೆ ಬಹುಮಂದಿಗೆ ಮೊದಲು ಬರುವುದು ಸೋಲು. ಆ ಸೋಲನ್ನು ಹೇಗೆ ಪರೀಕ್ಷಿಸಬೇಕೆಂಬುದೇ ಈ ಪಾಠದ ವಿಷಯವು. ಸಾಹಿತ್ಯದ ಮಾತಿನಲ್ಲಿ ಹಣದ ಮಾತೇಕೆ ಎಂದು ಮೂಗು ಮುರಿಯುವವರೂ ಉಂಟು. ದುಡಿದವಳಿಗೆ ಕೂಲಿ ಸಲ್ಲುವುದು ನ್ಯಾಯವೆಂಬುದರಲ್ಲಿ ನಮಗೆ ಸಂದೇಹವಿಲ್ಲವಾದಕಾರಣ ಆ ವಾದವನ್ನು ಇಲ್ಲಿ ಬೆಳೆಸುವುದಿಲ್ಲ.

ಕೊಬ್ಬರಿಯ ಸೀಮೆಯ ಮಕ್ಕಳಿಗೆ ಇದನ್ನು ತಿಳಿಯಹೇಳುವುದು ಕಷ್ಟವಲ್ಲ. ಬಲಿತ ಕಾಯನ್ನು ಅಟ್ಟಕ್ಕೆ ಹಾಕಿದ ಮೇಲೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲುಗಿಸಿದರೆ ಒಳಗೆ ಉಂಡೆಯಾಡುವ ಸದ್ದು ಕೇಳುವವರೆಗೆ ಹೆಚ್ಚುಕಡಮೆ ಒಂದು ವರುಷ ಕಾಯಬೇಕಷ್ಟೆ. ಆಗಲೂ ಕೆಲವು ಕಾಯಿಗಳು ಕೌಟಾಗಿ ಹೋಗುವುವು. ಬುದ್ಧಿವಂತನಾದ ಬೇಸಾಯಗಾರನು ಅದಕ್ಕಾಗಿ ಮರವನ್ನು ಹಳಿಯುವುದಿಲ್ಲ. ಎಳೆಯದನ್ನು ಕೆಡವಿದೆನೋ, ಅಟ್ಟಕ್ಕೆ ಮಳೆನೀರು ಸೋರಿತೋ, ಸುಲಿಯುವಾಗ ಚಿಪ್ಪು ಬಿರಿಯಿತೋ ಎಂದು ಒಂದೊಂದಾಗಿ ನೋಡುವನು. ಕೊಬ್ಬರಿ ಚೆನ್ನಾಗಿಯೇ ಆಗಿದ್ದು, ತಿಪಟೂರಿನ ಹರಾಜಿನಲ್ಲಿ ಆ ದಿನ ಬೆಲೆ ಬಿದ್ದಿದ್ದರೂ ನಷ್ಟವೇ. ಆದರೆ ಆ ನಷ್ಟಕ್ಕೆ ಕಾಯಿಯೂ ಕಾರಣವಲ್ಲ, ಅವನೂ ಕಾರಣನಲ್ಲ. ಬರವಣಿಗೆಯಲ್ಲಿಯೂ ಹೀಗೆಯೇ. ಬರೆಯುವುದಕ್ಕೂ ಹಣ ಕೈಸೇರುವುದಕ್ಕೂ ನಡುವೆ ಅಕ್ಷರ, ಅಚ್ಚು, ಸಾಗಣೆ, ಓದುಗರು, ಪಾವತಿ, ಹಕ್ಕು ಎಂಬ ಹಲವು ಕೊಂಡಿಗಳಿರುವುವು. ಸೋತವಳು ತನಗೆ ಬರೆಯಲು ಬಾರದೆಂದು ಅಳುವುದಕ್ಕೆ ಮೊದಲು ಯಾವ ಕೊಂಡಿ ಕಳಚಿತೆಂದು ನೋಡತಕ್ಕದ್ದು. ಕನ್ನಡದಲ್ಲಿ ಬರೆದು ಪ್ರಕಟಿಸಿದವರ ಚರಿತ್ರೆಯಲ್ಲಿ ಇದಕ್ಕೆ ಬೇಕಾದಷ್ಟು ನಿದರ್ಶನಗಳು ದೊರೆಯುವುವು.

ಮೊದಲು ಅಕ್ಷರದ ಕೊಂಡಿ. ಕನ್ನಡದ ಪ್ರಥಮ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗ್ ಅವರು 1843ನೆಯ ಇಸವಿ ಜುಲೈ 1ರಂದು ಹೊರಡಿಸಿದರು. ಅದು ಕಲ್ಲಚ್ಚಿನಲ್ಲಿ ಮುದ್ರಿತವಾಗುತ್ತಿದ್ದ ಪಾಕ್ಷಿಕವು. ಕಲ್ಲಚ್ಚಿಗೆ ಪುಟಪುಟವನ್ನೂ ಕೈಯಿಂದ ಬರೆದು ಕಲ್ಲಿಗೆ ಇಳಿಸಬೇಕು. ಒಂದು ವರುಷ ತುಂಬುವ ಮೊದಲೇ, 1844ರಲ್ಲಿ, ಪತ್ರಿಕೆಯನ್ನು ಬಳ್ಳಾರಿಗೆ ಒಯ್ದು, ಅಲ್ಲಿ ಮೊಳೆಯಚ್ಚಿನಲ್ಲಿ ‘ಕನ್ನಡ ಸಮಾಚಾರ’ವೆಂಬ ಹೆಸರಿನಿಂದ ನಡೆಯಿಸಿದರು. ಅಲ್ಲಿಯೂ ಅದು ಬಹುಕಾಲ ಬಾಳಲಿಲ್ಲ. ಮೋಗ್ಲಿಂಗರು ಅಷ್ಟಕ್ಕೇ ಅಚ್ಚಿನ ಕೆಲಸವನ್ನು ಬಿಟ್ಟರೇ? ಇಲ್ಲ. 1848ರಿಂದ ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಕನ್ನಡದ ಹಳೆಯ ಕೃತಿಗಳನ್ನು ಅಚ್ಚುಮಾಡಿಸಿದರು; ಈ ಸಲ ಖರ್ಚಿಗೆ ಕಾಸಮೇಜರ್ ಎಂಬ ನಿವೃತ್ತ ನ್ಯಾಯಾಧಿಪತಿಗಳ ಧನಸಹಾಯವಿತ್ತು. ಹಿಂದಿನ ಪತ್ರಿಕೆಗೆ ಇಲ್ಲದಿದ್ದ ಕೊಂಡಿಯು ಈ ಮಾಲೆಗೆ ಇತ್ತೆಂಬುದನ್ನು ನೋಡಿರಿ. ಈಗ ಕರ್ಣಾಟಕದಲ್ಲಿ ಜುಲೈ 1ನ್ನು ಪತ್ರಿಕಾ ದಿನವೆಂದು ಆಚರಿಸುವರು; ವರುಷ ತುಂಬುವ ಮೊದಲೇ ಊರು ಬಿಟ್ಟ ಪತ್ರಿಕೆಯ ಹುಟ್ಟುದಿನವದು!

ಅಂತರಜಾಲದಲ್ಲಿಯೂ ಕನ್ನಡಕ್ಕೆ ಮೊದಲು ಅಡ್ಡಿಯಾದುದು ಅಕ್ಷರವೇ. ಹಳೆಯ ಲಿಪಿತಂತ್ರಾಂಶಗಳಲ್ಲಿ ಟೈಪು ಮಾಡಿದ ಲೇಖನವು ಅದೇ ಲಿಪಿಯಿಲ್ಲದ ಬೇರೊಬ್ಬರ ಯಂತ್ರದಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತಿತ್ತು. ಯೂನಿಕೋಡ್ ಎಂಬ ಸಂಕೇತಕ್ರಮವು ಬಳಕೆಗೆ ಬಂದ ಮೇಲೆ ಆ ಕಷ್ಟ ತೀರಿತು. ಇಂದಿಗೂ ಹಳೆಯ ಕ್ರಮದಲ್ಲಿಯೇ ಬರೆದು ಕಳುಹಿಸಿ, ಪತ್ರಿಕೆಯವರು ಉತ್ತರ ಕೊಡಲಿಲ್ಲವೆಂದು ನೊಂದುಕೊಳ್ಳುವವರನ್ನು ನಾವು ಕಂಡಿರುವೆವು. ಅವರ ಲೇಖನವನ್ನು ಯಾರೂ ತಿರಸ್ಕರಿಸಿರಲಿಲ್ಲ, ಓದಲಿಕ್ಕೇ ಆಗಿರಲಿಲ್ಲ.

ಎರಡನೆಯದು ಓದುಗರನ್ನು ಮುಟ್ಟುವ ಕೊಂಡಿ. ಗಳಗನಾಥರೆಂದು ಪ್ರಸಿದ್ಧರಾದ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ಉಪಾಧ್ಯಾಯರಾಗಿದ್ದವರು. ‘ಮಾಧವ ಕರುಣಾವಿಲಾಸ’ ಮೊದಲಾದ ಕಾದಂಬರಿಗಳನ್ನು ಬರೆದವರು. ಆಗ ಹಳ್ಳಿಗಳಲ್ಲಿ ಪುಸ್ತಕದ ಅಂಗಡಿಯೆಲ್ಲಿಯದು? ಅವರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಇದರಿಂದ ಅವರು ಹಣವಂತರಾಗಲಿಲ್ಲ. ಆದರೆ ಕನ್ನಡದಲ್ಲಿ ಓದುಗರೇ ಇಲ್ಲವೆಂದು ದೂರುತ್ತ ಮನೆಯಲ್ಲಿ ಕುಳಿತುಕೊಳ್ಳಲಿಲ್ಲ. ಅಂತರಜಾಲವು ಗಂಟು ಹೊರುವ ಶ್ರಮವನ್ನು ತಪ್ಪಿಸಿದೆಯೇ ಹೊರತು ಓದುಗರನ್ನು ಹುಡುಕುವ ಶ್ರಮವನ್ನು ತಪ್ಪಿಸಿಲ್ಲ.

ಮೂರನೆಯ ನಿದರ್ಶನದಲ್ಲಿ ನಾವು ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಅದು ಹೆಂಗಸರದು. ನಂಜನಗೂಡು ತಿರುಮಲಾಂಬಾ ಅವರು 1887ರಲ್ಲಿ ಹುಟ್ಟಿ, ಹದಿನಾಲ್ಕನೆಯ ವಯಸ್ಸಿನಲ್ಲಿ ವಿಧವೆಯಾದರು. ತಂದೆಯ ಪ್ರೋತ್ಸಾಹದಿಂದ ಮನೆಯಲ್ಲಿಯೇ ಓದಿ, 1913ರಲ್ಲಿ ‘ಸತೀ ಹಿತೈಷಿಣೀ’ ಗ್ರಂಥಮಾಲೆಯನ್ನು ಆರಂಭಿಸಿ, ‘ಸುಶೀಲೆ’ ಎಂಬ ಕಾದಂಬರಿಯನ್ನು ತಾವೇ ಬರೆದು ತಾವೇ ಪ್ರಕಟಿಸಿದರು. ಅದು ಜನಪ್ರಿಯವಾಗಿ ಮರುಮುದ್ರಣಗಳನ್ನು ಕಂಡಿತು. ಬಳಿಕ ‘ಕರ್ನಾಟಕ ನಂದಿನಿ’ ಎಂಬ ಸ್ತ್ರೀಯರ ಮಾಸಪತ್ರಿಕೆಯನ್ನು ನಡೆಯಿಸಿದರು. ಅದು ಕೆಲವೇ ವರುಷಗಳಲ್ಲಿ ನಿಂತುಹೋಯಿತು. ಬರೆದ ಕೈ ಒಂದೇ, ಓದುವ ವರ್ಗವೂ ಬಹುಮಟ್ಟಿಗೆ ಒಂದೇ. ಪುಸ್ತಕ ಗೆದ್ದಿತು, ಪತ್ರಿಕೆ ನಿಂತಿತು. ನಮಗೆ ತೋರುವ ಕಾರಣವೇನೆಂದರೆ, ಪುಸ್ತಕಕ್ಕೆ ಓದುಗಳು ಒಮ್ಮೆ ಹಣ ಕೊಟ್ಟರೆ ಸಾಕು, ಮಾಸಪತ್ರಿಕೆಗಾದರೋ ವರುಷ ವರುಷವೂ ಚಂದಾ ಬರಬೇಕು. ಆ ಕಾಲದ ಗೃಹಿಣಿಯ ಕೈಯಲ್ಲಿ ತನ್ನದೆನ್ನುವ ಹಣವೆಷ್ಟಿದ್ದೀತು? ತಿರುಮಲಾಂಬಾ ಅವರು 1982ರವರೆಗೆ ಬದುಕಿದ್ದರೂ ಅವರ ಹೆಸರು ಬಹುಕಾಲ ಮರೆವಿನಲ್ಲಿತ್ತು.

ಇದಕ್ಕೆ ಎದುರಾಗಿ ಬೆಂಗಳೂರಿನ ಆರ್. ಕಲ್ಯಾಣಮ್ಮನವರು 1921ರಲ್ಲಿ ಆರಂಭಿಸಿದ ‘ಸರಸ್ವತಿ’ಯು ನಾಲ್ಕು ದಶಕಗಳ ಕಾಲ ನಡೆಯಿತು. ಮಕ್ಕಳ ಕೂಟವನ್ನು 1938ರಲ್ಲಿ ಸ್ಥಾಪಿಸಿದವರೂ ಇವರೇ. ಹೆಂಗಸರ ಪತ್ರಿಕೆ ಕನ್ನಡದಲ್ಲಿ ನಡೆಯಲಾರದೆಂದು ‘ನಂದಿನಿ’ಯನ್ನು ನೋಡಿ ತೀರ್ಮಾನಿಸಿದ್ದವರು ‘ಸರಸ್ವತಿ’ಯನ್ನು ನೋಡಿ ಏನೆಂದಿರಬೇಕು! ಒಂದು ಸೋಲಿನಿಂದ ಅಷ್ಟು ದೊಡ್ಡ ತೀರ್ಮಾನಕ್ಕೆ ಬರಲಾಗದು.

ಈಗ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳ ಸಂಗತಿಯನ್ನು ಹೇಳುವೆವು, ಹೆಸರು ಬೇಡ. ಕೊಬ್ಬರಿಯ ಬೆಲೆ ಇಳಿದ ವರುಷ ಇವಳ ಕಾಲೇಜಿನ ಫೀಜಿಗೆ ತೊಡಕಾಯಿತು. ಮನೆಯಲ್ಲಿ ಓದು ಬಿಡಿಸುವ ಮಾತು ಎದ್ದಾಗ, ಬರೆದು ಸಂಪಾದಿಸುವೆನೆಂದು ತಂದೆಗೆ ಮಾತು ಕೊಟ್ಟಳು. ಮೊದಲು ತಾನೇ ಒಂದು ಬ್ಲಾಗನ್ನು ತೆರೆದು ಜಾಹೀರಾತಿನ ಹಣಕ್ಕೆ ಕಾದಳು. ಗೂಗಲ್ ಸಂಸ್ಥೆಯ ಜಾಹೀರಾತು ಯೋಜನೆಯಲ್ಲಿ ಖಾತೆಯ ಲೆಕ್ಕ 100 ಡಾಲರು ಮುಟ್ಟುವವರೆಗೆ ಹಣವನ್ನು ಕಳುಹಿಸುವುದಿಲ್ಲವೆಂಬುದು ಅವಳಿಗೆ ಆಮೇಲೆ ತಿಳಿಯಿತು. (ಹದಿನೆಂಟು ವರುಷ ತುಂಬದವರಿಗೆ ಅದರಲ್ಲಿ ಸ್ವಂತ ಖಾತೆಯೂ ಸಿಕ್ಕದು, ಹತ್ತನೆಯ ತರಗತಿಯವರು ಇದನ್ನು ಗಮನಿಸತಕ್ಕದ್ದು.) ಅನಂತರ ಮನೆಯಲ್ಲಿ ಕುಳಿತು ಟೈಪು ಮಾಡಿದರೆ ವಾರವಾರವೂ ಸಂಬಳವೆಂಬ ಸಂದೇಶ ಬಂದಿತು, ನೋಂದಣಿಗೆಂದು ಮೊದಲು ಹಣ ಕೇಳಿದರು, ತಾಯಿಯ ಹಾಲಿನ ದುಡ್ಡಿನಿಂದ ಕೊಟ್ಟಳು. ಕೆಲಸ ಬರಲಿಲ್ಲ, ಹಣವೂ ಮರಳಲಿಲ್ಲ. ಕೆಲಸ ಕೊಡುವವನು ಕೂಲಿ ಕೊಡಬೇಕಲ್ಲದೆ ಕೂಲಿಯವಳಿಂದ ಹಣ ಕೇಳುವುದುಂಟೇ? ಇಂಥ ಮೋಸವಾದ ಕೂಡಲೆ 1930 ಎಂಬ ಸಂಖ್ಯೆಗೆ ಫೋನು ಮಾಡಿ ದೂರು ಕೊಡಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ಬ್ಯಾಂಕಿನಲ್ಲಿ ತಡೆಯುವ ಸಂಭವ ಹೆಚ್ಚು. ಅವಳು ನಾಚಿಕೆಯಿಂದ ಎರಡು ತಿಂಗಳು ಯಾರಿಗೂ ಹೇಳಲಿಲ್ಲ. ಹೆಣ್ಣುಮಕ್ಕಳ ಈ ನಾಚಿಕೆಯೇ ಮೋಸಗಾರರ ಬಂಡವಾಳವೆಂದು ನಾವು ಎಷ್ಟು ಸಲ ಹೇಳಿದರೂ ಸಾಲದು.

ಕಡೆಗೆ ಅವಳು ನಮ್ಮಲ್ಲಿಗೆ ಬಂದಾಗ, ಗೆರೆ ಹಾಕಿದ ಒಂದು ಪುಸ್ತಕವನ್ನು ಇಡುವಂತೆ ಹೇಳಿದೆವು: ಏನು ಬರೆದೆ, ಎಲ್ಲಿ ಪ್ರಕಟವಾಯಿತು, ಎಷ್ಟು ಜನ ಓದಿದರು, ಎಲ್ಲಿಗೆ ನಿಲ್ಲಿಸಿದರು, ಹಣ ಎಷ್ಟು ಬಂದಿತು, ಎಷ್ಟು ಹೋಯಿತು. ಆಗ ಅವಳು ಕಥೆಗಳ ಆ್ಯಪೊಂದರಲ್ಲಿ ಧಾರಾವಾಹಿಯನ್ನು ಬರೆಯುತ್ತಿದ್ದಳು. ತನ್ನ ಕಥೆಯೇ ಚೆನ್ನಾಗಿಲ್ಲವೆಂದು ಅವಳ ನಂಬಿಕೆ. ಪುಸ್ತಕ ತುಂಬಿದ ಮೇಲೆ ನೋಡಿದರೆ, ಮೊದಲ ಎರಡು ಕಂತುಗಳನ್ನು ಓದಿದವರು ಮೂರನೆಯದಕ್ಕೆ ಬಂದೇ ಇರಲಿಲ್ಲ. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಪರೀಕ್ಷೆಯ ನಿಮಿತ್ತ ನಲವತ್ತು ದಿನಗಳು ಕಳೆದಿದ್ದುವು. ಕಥೆ ಕೆಟ್ಟಿರಲಿಲ್ಲ, ಓದುಗರು ಕಾದು ಹೊರಟುಹೋಗಿದ್ದರು. ಮುಂದಿನ ಧಾರಾವಾಹಿಯನ್ನು ಅವಳು ಕಡೆಯ ಕಂತಿನವರೆಗೆ ಬರೆದು ಮುಗಿಸಿದ ಮೇಲೆಯೇ ಪ್ರಕಟಿಸಲಾರಂಭಿಸಿದಳು, ವಾರಕ್ಕೆ ಎರಡು ಕಂತಿನಂತೆ, ತಪ್ಪದೆ. ಓದುಗರು ನಿಂತರು.

ಹಣವೋ? ಅದು ಬೇರೆ ಕಡೆಯಿಂದ ಬಂದಿತು. ಅವಳ ಕಾಗುಣಿತ ಶುದ್ಧವಾಗಿರುವುದನ್ನು ಕಂಡು ತಿಪಟೂರಿನ ಒಂದು ಅಚ್ಚುಕೂಟದವರು ಕರಡು ತಿದ್ದಲು ಕೊಟ್ಟರು, ಪುಟಕ್ಕಿಷ್ಟೆಂದು ಕೂಲಿ. ಧಾರಾವಾಹಿಯಿಂದ ಬರುವುದು ಇನ್ನೂ ಅಲ್ಪವೇ. ಒಟ್ಟು ಸೇರಿ ಫೀಜಿನ ಅರ್ಧಕ್ಕೆ ಆಗುತ್ತಿದೆ; ಉಳಿದರ್ಧವನ್ನು ತಂದೆ ಕೊಡುತ್ತಿರುವರು. ಓದು ಬಿಡಿಸುವ ಮಾತು ಸದ್ಯಕ್ಕೆ ನಿಂತಿದೆ.

ಇನ್ನು ಹಕ್ಕಿನ ಕೊಂಡಿ. ನಮ್ಮ ಹುಡುಗಿಯರಿಗೆ ಇದು ಏನೇನೂ ತಿಳಿಯದು. 1957ನೆಯ ಇಸವಿಯ ಕೃತಿಸ್ವಾಮ್ಯದ ಕಾನೂನಿನಂತೆ, ನೀವು ಬರೆದುದು ಬರೆದ ಗಳಿಗೆಯಿಂದ ನಿಮ್ಮದು, ಎಲ್ಲಿಯೂ ನೋಂದಾಯಿಸಬೇಕಾಗಿಲ್ಲ. ಆ ಹಕ್ಕು ನಿಮ್ಮ ಜೀವಮಾನವೆಲ್ಲ ಇದ್ದು, ಅನಂತರ 60 ವರುಷ ನಿಮ್ಮ ವಾರಸುದಾರರಿಗೆ ಇರುವುದು. ಅದನ್ನು ಬೇರೊಬ್ಬರಿಗೆ ಕೊಡಬೇಕಾದರೆ ಬರಹದ ಮೂಲಕ, ನಿಮ್ಮ ರುಜುವಿನೊಡನೆ ಕೊಡತಕ್ಕದ್ದು, ಬಾಯಿಮಾತು ಸಾಲದು. ಎಷ್ಟು ಕಾಲಕ್ಕೆಂದು ಪತ್ರದಲ್ಲಿ ಬರೆಯದಿದ್ದರೆ 5 ವರುಷಕ್ಕೆಂದೂ, ಯಾವ ದೇಶಗಳಿಗೆಂದು ಬರೆಯದಿದ್ದರೆ ಭಾರತಕ್ಕೆ ಮಾತ್ರವೆಂದೂ ಕಾನೂನು ಭಾವಿಸುವುದು. ಆದಕಾರಣ, ಆ್ಯಪಿನಲ್ಲಿ ಒಪ್ಪಿದೆನೆಂಬ ಗುಂಡಿಯನ್ನು ಒತ್ತುವ ಮೊದಲು ಅದರ ಮೇಲಿನ ಷರತ್ತುಗಳನ್ನು ಓದಿರಿ. ಇಂಗ್ಲಿಷಿನಲ್ಲಿದ್ದರೆ ನಮ್ಮಲ್ಲಿಗೆ ತನ್ನಿರಿ. ಶನಿವಾರ ಮಧ್ಯಾಹ್ನ ಪಾಠಗಳು ಮುಗಿದ ಮೇಲೆ ಗ್ರಂಥಭಂಡಾರದ ಕೊಠಡಿಯಲ್ಲಿ ನಾವು ಇರುವೆವು, ಹಳೆಯ ವಿದ್ಯಾರ್ಥಿನಿಯರೂ ಬರಬಹುದು. ಗೆರೆ ಹಾಕಿದ ಪುಸ್ತಕವನ್ನು ಮಾತ್ರ ಮರೆಯದೆ ತರತಕ್ಕದ್ದು.