ಹಿಂಡುವಾಗ ಬಟ್ಟೆಯ ಯಂತ್ರ ಸದ್ದು ಮಾಡಿದರೆ



ಬೆಳೆಯ ರೋಗ, ಗೊಬ್ಬರದ ಪ್ರಮಾಣ, ಬೀಜೋಪಚಾರ ಮುಂತಾದ ವಿಷಯಗಳನ್ನು ಈ ಪತ್ರಿಕೆಯಲ್ಲಿ ನೀವು ಓದುತ್ತ ಬಂದಿದ್ದೀರಿ. ಈ ಸಲ ಬಟ್ಟೆ ಒಗೆಯುವ ಯಂತ್ರದ ಬಗ್ಗೆ ಬರೆಯಲು ಕಾರಣವುಂಟು. ಟೊಮೇಟೊ ಗಿಡದ ಎಲೆ ಮುದುರಿದೆಯೆಂದು ನೋಡಲು ಹೋದವನನ್ನು ಮನೆಯ ಹಿತ್ತಲಿಗೆ ಕರೆದು, “ಈ ಮಿಷನ್ನು ಒಸಿ ನೋಡಪ್ಪ, ಹಿಂಡೋವಾಗ ದಡದಡ ಅಂತೈತೆ” ಎನ್ನುವುದು ಈಚೆಗೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಲ್ಲ ಕಡೆಯೂ ಸಾಮಾನ್ಯವಾಗಿದೆ. 2023ರ ಜುಲೈಯಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಟೊಮೇಟೊ ಪೆಟ್ಟಿಗೆಯ ಬೆಲೆ 2,000 ರೂಪಾಯಿ ದಾಟಿದಾಗ ಇಂತಹ ಯಂತ್ರ ಕೊಂಡ ಮನೆಗಳನ್ನು ನಾನು ಬಲ್ಲೆ. ಅಂತಹ ಬೆಲೆ ಪ್ರತಿ ವರ್ಷ ಸಿಗುವುದಿಲ್ಲ. ಆದುದರಿಂದ ಕೊಂಡ ಯಂತ್ರ ಬಾಳಬೇಕು.

ನಾನು ಓದಿದ್ದು ಕೃಷಿ ಡಿಪ್ಲೊಮಾ. ಯಂತ್ರ ಬಿಚ್ಚುವ ಕೆಲಸ ನನ್ನದಲ್ಲ, ನಿಮ್ಮಿಂದ ಮಾಡಿಸುವ ಉದ್ದೇಶವೂ ಇಲ್ಲ. ಆದರೆ ಮೋಟಾರಿನ ಸದ್ದು ಕೇಳಿಯೇ “ನೀರು ಬಿಟ್ಟಿದೆ, ಗಾಳಿ ಎಳೆಯುತ್ತಿದೆ” ಎಂದು ಹೇಳಬಲ್ಲ ರೈತರಿಗೆ ಈ ಯಂತ್ರದ ಸದ್ದನ್ನು ಗುರುತಿಸುವುದು ಕಷ್ಟವಲ್ಲ. ಸದ್ದಿನಲ್ಲಿ ಮೂರು ಬಗೆ. ಒಂದು ನಾವು ಬಟ್ಟೆ ತುಂಬಿದ ರೀತಿಯಿಂದಲೂ ಯಂತ್ರ ಇಟ್ಟ ನೆಲದಿಂದಲೂ ಬರುವುದು. ಇದಕ್ಕೆ ಕಾಸು ಖರ್ಚಿಲ್ಲ. ಇನ್ನೊಂದು ಯಂತ್ರದೊಳಗಿನ ಸವೆತದಿಂದ ಬರುವುದು. ಇದನ್ನು ಮುಂದೂಡಿದಷ್ಟೂ ಖರ್ಚು ಬೆಳೆಯುತ್ತದೆ. ಮೂರನೆಯದು ಕೈಗೆ ಅಪಾಯ ತರುವಂಥದು. ಇವುಗಳನ್ನು ಬೇರೆ ಬೇರೆಯಾಗಿ ತಿಳಿಯಬೇಕು.

ಮೊದಲು, ಹಿಂಡುವಾಗಲೇ ಏಕೆ ಸದ್ದು? ಕವಣೆ ಬೀಸಿದವರಿಗೆ ಇದು ಗೊತ್ತು. ಕಲ್ಲು ಚಿಕ್ಕದಾದರೂ ಬೀಸಿದಾಗ ಕೈಯನ್ನು ಹೊರಕ್ಕೆ ಎಳೆಯುತ್ತದೆ. ಬೀಸುವ ವೇಗ ಎರಡರಷ್ಟಾದರೆ ಎಳೆತ ನಾಲ್ಕರಷ್ಟಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ಹೆಚ್ಚಾಗಿ ಕಾಣುವ ಎರಡು ತೊಟ್ಟಿಯ ಯಂತ್ರದಲ್ಲಿ, ಡ್ರೈಯರ್ ಎಂದು ಎಲ್ಲರೂ ಕರೆಯುವ ಹಿಂಡುವ ಡ್ರಮ್ಮು ನಿಮಿಷಕ್ಕೆ ಸುಮಾರು 1,300ರಿಂದ 1,400 ಸುತ್ತು ತಿರುಗುತ್ತದೆ. ಅದರ ಅಡ್ಡಳತೆ ಸುಮಾರು ಒಂದು ಗೇಣು. ಒಂದು ಪಕ್ಕದಲ್ಲಿ 100 ಗ್ರಾಂ ತೂಕ ಹೆಚ್ಚಾಗಿದ್ದರೆ, ಆ ವೇಗದಲ್ಲಿ ಅದು ಡ್ರಮ್ಮನ್ನು ಸುಮಾರು 24 ಕಿಲೋ ಭಾರದಷ್ಟು ಎಳೆಯುತ್ತದೆ. ಎಂದರೆ ಒಂದೂವರೆ ಪೆಟ್ಟಿಗೆ ಟೊಮೇಟೊ ಭಾರ, ಸೆಕೆಂಡಿಗೆ ಇಪ್ಪತ್ತಕ್ಕೂ ಹೆಚ್ಚು ಬಾರಿ ದಿಕ್ಕು ಬದಲಿಸುತ್ತ ಅಚ್ಚನ್ನು ಜಗ್ಗಿದಂತೆ. ಸದ್ದು ಬಾರದಿದ್ದರೇ ಆಶ್ಚರ್ಯ.

ಹಾಲಿನ ಸಂಘದಲ್ಲಿ ಕೊಬ್ಬಿನ ಪರೀಕ್ಷೆಗೆ ಗಾಜಿನ ಕೊಳವೆಗಳನ್ನು ತಿರುಗಿಸುವ ಯಂತ್ರವನ್ನು ಹಲವರು ನೋಡಿದ್ದೀರಿ. ಒಂದು ಕೊಳವೆ ಇಟ್ಟರೆ ಅದರ ಎದುರಿಗೆ ಇನ್ನೊಂದನ್ನು ಇಡಲೇಬೇಕು. ಪರೀಕ್ಷೆಗೆ ಹಾಲು ಒಂದೇ ಇದ್ದರೂ ಎದುರಿಗೆ ನೀರು ತುಂಬಿದ ಕೊಳವೆ ಇಡುತ್ತಾರೆ. ಬಟ್ಟೆಗೂ ಇದೇ ನಿಯಮ.

ಇನ್ನೊಂದು ಮಾತು ತಿಳಿದಿರಲಿ. ಎರಡು ತೊಟ್ಟಿಯ ಯಂತ್ರದ ಡ್ರೈಯರ್ ಮೋಟಾರು ಸ್ಪ್ರಿಂಗುಗಳ ಮೇಲೆ ಕುಳಿತಿರುತ್ತದೆ. ತೊಟ್ಟಿಲನ್ನು ಅದರ ತೂಗಿಗೆ ಸರಿಯಾಗಿ ತಳ್ಳಿದರೆ ಹೆಚ್ಚು ತೂಗುವಂತೆ, ಸ್ಪ್ರಿಂಗಿನ ಮೇಲಿರುವುದಕ್ಕೂ ತನ್ನದೇ ಆದ ಒಂದು ತೂಗುವ ವೇಗವಿದೆ. ಡ್ರಮ್ಮು ವೇಗ ಹಿಡಿಯುವಾಗ ಆ ಹಂತವನ್ನು ದಾಟುತ್ತದೆ. ನಿಲ್ಲುವಾಗ ಮತ್ತೊಮ್ಮೆ ದಾಟುತ್ತದೆ. ಆದುದರಿಂದ ಪ್ರಾರಂಭದ ಮತ್ತು ಕೊನೆಯ ಕೆಲವು ಸೆಕೆಂಡು ಅಲುಗಾಡಿ ನಡುವೆ ಶಾಂತವಾಗಿ ಓಡಿದರೆ ಅದು ರೋಗವಲ್ಲ. ವೋಲ್ಟೇಜು ಇಳಿದ ಹೊತ್ತಿನಲ್ಲಿ ಮೋಟಾರಿಗೆ ಪೂರ್ಣ ವೇಗ ಹಿಡಿಯಲಾಗದೆ ಆ ಅಲುಗಾಡುವ ಹಂತದಲ್ಲಿಯೇ ತೊಳಲುತ್ತದೆ. ಸಂಜೆ ಹೊತ್ತು ಸದ್ದು, ಬೆಳಗ್ಗೆ ಇಲ್ಲ ಎನ್ನುವಂತಿದ್ದರೆ ಮೊದಲು ಮನೆಯ ದೀಪ ಮಂಕಾಗುತ್ತದೆಯೇ ಎಂದು ನೋಡಿರಿ.

ಈಗ ಪರೀಕ್ಷೆಗೆ ಬರೋಣ. ಡ್ರೈಯರಿನಿಂದ ಬಟ್ಟೆಯನ್ನೆಲ್ಲ ತೆಗೆದು, ಮುಚ್ಚಳ ಹಾಕಿ, ಖಾಲಿ ಡ್ರಮ್ಮನ್ನು ಒಂದು ನಿಮಿಷ ತಿರುಗಿಸಿರಿ. ಮೆಕಾನಿಕ್ಕಿಗೆ ಫೋನು ಮಾಡುವ ಮುಂಚೆ ಪ್ರತಿಯೊಬ್ಬರೂ ಇದನ್ನು ಮಾಡಬೇಕೆಂಬುದು ನನ್ನ ಅಭಿಪ್ರಾಯ. ಖಾಲಿ ಇದ್ದಾಗ ಸದ್ದಿಲ್ಲ, ಬಟ್ಟೆ ಹಾಕಿದಾಗ ಮಾತ್ರ ಸದ್ದು ಎಂದಾದರೆ ಯಂತ್ರ ಬಹುಮಟ್ಟಿಗೆ ಸರಿಯಾಗಿದೆ; ತುಂಬುವ ರೀತಿಯನ್ನೂ ನೆಲವನ್ನೂ ಸರಿಪಡಿಸಬೇಕು. ಖಾಲಿಯಿದ್ದಾಗಲೂ ಸದ್ದು ಬಂದರೆ ದೋಷ ಒಳಗಿದೆ.

ತುಂಬುವ ರೀತಿ ಹೀಗಿರಲಿ. ಸೀರೆ, ಪಂಚೆಗಳನ್ನು ಮುದ್ದೆಮಾಡಿ ಒಂದೇ ಪಕ್ಕಕ್ಕೆ ತುರುಕಬಾರದು. ಸಿಂಬೆ ಸುತ್ತಿದಂತೆ ಡ್ರಮ್ಮಿನ ಸುತ್ತಲೂ ಸಮನಾಗಿ ಇಳಿಸಬೇಕು. ಒಂದೇ ದಪ್ಪ ಪ್ಯಾಂಟನ್ನೋ ಒಂದೇ ಕಂಬಳಿಯನ್ನೋ ಹಾಕಿ ತಿರುಗಿಸುವುದಕ್ಕಿಂತ ಎದುರಿಗೆ ಇನ್ನೆರಡು ಬಟ್ಟೆ ಸೇರಿಸುವುದು ಲೇಸು. ಮೇಲೆ ಕೈಯಿಂದ ಒತ್ತಿ, ಯಂತ್ರದೊಂದಿಗೆ ಕೊಟ್ಟ ತೆಳುವಾದ ಪ್ಲಾಸ್ಟಿಕ್ ಒಳಮುಚ್ಚಳವನ್ನು ತಪ್ಪದೆ ಹಾಕಬೇಕು. ಅನೇಕ ಮನೆಗಳಲ್ಲಿ ಆ ಒಳಮುಚ್ಚಳ ಮೂಲೆ ಸೇರಿ ಧೂಳು ತಿನ್ನುತ್ತಿರುತ್ತದೆ. ಅದಿಲ್ಲದಿದ್ದರೆ ಕರವಸ್ತ್ರ, ಕಾಲುಚೀಲ ಮೇಲೆದ್ದು ಡ್ರಮ್ಮಿಗೂ ಹೊರತೊಟ್ಟಿಗೂ ನಡುವೆ ಬಿದ್ದು ಸಿಕ್ಕಿಕೊಳ್ಳುತ್ತವೆ. ಔಷಧಿ ಸಿಂಪಡಿಸುವಾಗ ತೊಡುವ ಮಳೆ ಕೋಟು, ಟಾರ್ಪಾಲು, ಪ್ಲಾಸ್ಟಿಕ್ ಹಾಳೆಗಳನ್ನು ಡ್ರೈಯರಿಗೆ ಎಂದಿಗೂ ಹಾಕಬೇಡಿರಿ. ನೀರು ಅವುಗಳ ಮಡಿಕೆಯಲ್ಲಿ ನಿಂತು, ವೇಗ ಬಂದ ಮೇಲೆ ತಟಕ್ಕನೆ ಒಂದು ಕಡೆಗೆ ನುಗ್ಗುತ್ತದೆ. ಯಂತ್ರ ಬುಡಮೇಲಾಗುವಷ್ಟು ಹೊಡೆತ ಬೀಳುವುದು ಆಗಲೇ.

ನೆಲದ ವಿಷಯದಲ್ಲಿ ನಮ್ಮ ಮನೆಗಳಿಗೆ ಒಂದು ವಿಶೇಷ ತೊಡಕುಂಟು. ಯಂತ್ರವನ್ನು ನಾವು ಇಡುವುದು ಬಚ್ಚಲ ಪಕ್ಕದ ಕಲ್ಲು ಚಪ್ಪಡಿಯ ಮೇಲೆ. ನೀರು ಹರಿದುಹೋಗಲೆಂದು ಆ ಚಪ್ಪಡಿಯನ್ನು ಇಳಿಜಾರಾಗಿಯೇ ಹಾಸಿರುತ್ತಾರೆ. ಒಂದು ಕಾಲಿನ ಕೆಳಗೆ ಇಟ್ಟಿಗೆ ಚೂರನ್ನೋ ತೆಂಗಿನ ಚಿಪ್ಪನ್ನೋ ಇಟ್ಟು ಮಟ್ಟ ಮಾಡಿದ್ದು, ಎರಡು ದಿನ ಅದುರಿದ ಮೇಲೆ ಜಾರಿಹೋಗುತ್ತದೆ. ಗಾರೆ ಕೆಲಸದವರ ರಸಮಟ್ಟ ಸಿಕ್ಕರೆ ಯಂತ್ರದ ಮೇಲಿಟ್ಟು ಉದ್ದಕ್ಕೂ ಅಡ್ಡಕ್ಕೂ ನೋಡಿರಿ. ಇಲ್ಲದಿದ್ದರೆ ಅಗಲವಾದ ತಟ್ಟೆಯಲ್ಲಿ ನೀರು ತುಂಬಿ ಇಟ್ಟರೂ ಸಾಕು. ಬಳಿಕ ಎದುರುಬದುರು ಮೂಲೆಗಳನ್ನು ಒಂದೊಂದಾಗಿ ಒತ್ತಿರಿ. ಎಲ್ಲಿ ಕುಣಿಯುತ್ತದೆಯೋ ಆ ಕಾಲು ನೆಲ ಮುಟ್ಟಿಲ್ಲ. ತಿರುಪಿನ ಕಾಲು ಇದ್ದರೆ ತಿರುಗಿಸಿ ಮಟ್ಟಮಾಡಿ, ಅದರ ಮೇಲಿನ ನಟ್ಟನ್ನು ಬಿಗಿಮಾಡಬೇಕು. ಇಳಿಜಾರು ಹೆಚ್ಚಿದ್ದರೆ ಅಷ್ಟು ಜಾಗಕ್ಕೆ ಮಾತ್ರ ಸಿಮೆಂಟಿನ ಮಟ್ಟದ ಕಟ್ಟೆ ಹಾಕಿಸುವುದೇ ಸರಿಯಾದ ಉಪಾಯ. ಯಂತ್ರಕ್ಕೂ ಗೋಡೆಗೂ ನಡುವೆ ನಾಲ್ಕು ಬೆರಳು ಜಾಗವಿರಲಿ. ಮಾಲೂರು ಕಡೆಯ ಒಂದು ಮನೆಯಲ್ಲಿ ತಿಂಗಳುಗಟ್ಟಲೆ ಕಾಡಿದ ಸದ್ದು, ಯಂತ್ರದ ಹಿಂಬದಿ ನೀರಿನ ಕೊಳಾಯಿಗೆ ತಾಗುತ್ತಿದ್ದುದರಿಂದ ಬಂದುದಾಗಿತ್ತು.

ಮುಂದೆ ಗುಂಡು ಬಾಗಿಲಿರುವ ಯಂತ್ರವನ್ನು ಹೊಸದಾಗಿ ತಂದಿದ್ದರೆ ಇನ್ನೊಂದು ಎಚ್ಚರಿಕೆ. ಟೆಂಪೋದಲ್ಲಿ ಬರುವಾಗ ಡ್ರಮ್ಮು ಅಲುಗದಿರಲೆಂದು ಕಾರ್ಖಾನೆಯವರು ಹಿಂಬದಿಯಲ್ಲಿ ಉದ್ದನೆಯ ಸಾಗಣೆ ಬೋಲ್ಟುಗಳನ್ನು ಹಾಕಿರುತ್ತಾರೆ. ಅವನ್ನು ತೆಗೆಯದೆ ತಿರುಗಿಸಿದರೆ ಸ್ಪ್ರಿಂಗುಗಳು ಕೆಲಸಮಾಡುವುದಿಲ್ಲ. ಯಂತ್ರ ನೆಲದ ಮೇಲೆ ನಡೆಯತೊಡಗುತ್ತದೆ. ತೆಗೆದ ಬೋಲ್ಟುಗಳನ್ನು ಎಸೆಯದೆ ಇಟ್ಟುಕೊಳ್ಳಿರಿ, ಮನೆ ಬದಲಿಸುವಾಗ ಬೇಕಾಗುತ್ತವೆ.

ಇಷ್ಟೆಲ್ಲ ಸರಿಯಿದ್ದು ಖಾಲಿ ಡ್ರಮ್ಮೇ ಸದ್ದು ಮಾಡಿದರೆ, ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗನ್ನು ಕಿತ್ತು ಪಕ್ಕಕ್ಕಿಡಿರಿ. ಒದ್ದೆ ನೆಲದಲ್ಲಿ ನಿಂತು ಕರೆಂಟಿರುವ ಯಂತ್ರಕ್ಕೆ ಕೈಹಾಕಬಾರದು. ಮೂರು ಪಿನ್ನಿನ ಪ್ಲಗ್ಗು ಇದ್ದರೂ ಮನೆಗೆ ಅರ್ತ್ ಇಲ್ಲದಿದ್ದರೆ ಆ ಮೂರನೆಯ ಪಿನ್ನಿನಿಂದ ಪ್ರಯೋಜನವಿಲ್ಲ. ಅನಂತರ ಡ್ರಮ್ಮನ್ನು ಕೈಯಿಂದ ನಿಧಾನವಾಗಿ ತಿರುಗಿಸಿರಿ. ಡ್ರೈಯರಿನಲ್ಲಿ ಮುಚ್ಚಳ ತೆರೆದಿದ್ದಾಗ ಬ್ರೇಕು ಹಿಡಿದಿರುತ್ತದೆ. ಆದುದರಿಂದ ಬಿಗಿಯಾಗಿರುವುದೇ ಸರಿ, ಸರಾಗವಾಗಿ ತಿರುಗಿದರೆ ಬ್ರೇಕು ಸವೆದಿದೆಯೆಂದು ತಿಳಿಯಬೇಕು.

ಈ ಬ್ರೇಕಿನ ಮಾತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಡ್ರೈಯರ್ ಮುಚ್ಚಳ ಹಾಕಿದಾಗ ಒಂದು ತಂತಿ ಎಳೆದು ಬ್ರೇಕನ್ನು ಸಡಿಲಿಸುತ್ತದೆ. ತೆರೆದಾಗ ಕರೆಂಟು ಕಡಿದು ಬ್ರೇಕು ಹಿಡಿಯುತ್ತದೆ. ತಂತಿ ಸಡಿಲವಾದರೆ ಬ್ರೇಕು ಪೂರ್ತಿ ಬಿಡದೆ ಉಜ್ಜುತ್ತಿರುತ್ತದೆ. ಆಗ ಕಿರ್ರೆಂಬ ಸದ್ದು, ರಬ್ಬರ್ ಸುಟ್ಟ ವಾಸನೆ, ಮೋಟಾರು ಬಿಸಿ. ಇದು ಮೋಟಾರಿಗೆ ಕೇಡು. ಬ್ರೇಕು ಪೂರ್ತಿ ಸವೆದಿದ್ದರೆ ಕೈಗೇ ಕೇಡು: ಮುಚ್ಚಳ ತೆರೆದ ಮೇಲೂ ಡ್ರಮ್ಮು ಸದ್ದಿಲ್ಲದೆ ಸುತ್ತುತ್ತಲೇ ಇರುತ್ತದೆ. ಒದ್ದೆ ಬಟ್ಟೆ ತೋಳಿಗೆ ಸುತ್ತಿಕೊಂಡರೆ ಬಿಡಿಸಿಕೊಳ್ಳಲು ಸಮಯವೇ ಸಿಗದು. ಮುಚ್ಚಳ ತೆರೆದು ಕೆಲವು ಸೆಕೆಂಡಿನೊಳಗೆ ನಿಲ್ಲದ ಡ್ರೈಯರನ್ನು ರಿಪೇರಿಯಾಗುವ ತನಕ ಬಳಸಕೂಡದು. ಬಟ್ಟೆಯನ್ನು ಕೈಯಲ್ಲೇ ಹಿಂಡಿರಿ. ಮಕ್ಕಳಿರುವ ಮನೆಯಲ್ಲಿ ಪ್ಲಗ್ಗನ್ನೇ ಎತ್ತರಕ್ಕೆ ಕಟ್ಟಿಡಿರಿ.

ಕೈಯಿಂದ ತಿರುಗಿಸುವಾಗ ಒಂದೇ ಜಾಗದಲ್ಲಿ ಟಕ್ ಟಕ್ ಎಂದರೆ ಏನೋ ವಸ್ತು ಸಿಕ್ಕಿದೆ. ನಮ್ಮಲ್ಲಿ ಇದಕ್ಕೆ ಟೊಮೇಟೊ ತೋಟವೇ ಮುಖ್ಯ ಕಾರಣ. ಗಿಡಕ್ಕೆ ಆಸರೆ ಕಟ್ಟುವಾಗ ಉಳಿದ ತಂತಿಯ ತುಂಡುಗಳು ಅಂಗಿಯ ಜೇಬಿನಲ್ಲೇ ಉಳಿದು ಯಂತ್ರ ಸೇರುತ್ತವೆ. ಒಗೆಯುವ ಮುಂಚೆ ಜೇಬು ತಿರುವಿಹಾಕುವ ಅಭ್ಯಾಸವನ್ನು ಗಂಡಸರೇ ಮಾಡಿಕೊಳ್ಳಬೇಕು. ಇದನ್ನು ಹೆಂಗಸರ ತಲೆಗೆ ಹೊರಿಸುವುದು ನ್ಯಾಯವಲ್ಲ. ಎರಡು ತೊಟ್ಟಿಯ ಯಂತ್ರದ ತಳ ತೆರೆದಿದ್ದರೆ ಇಲಿಯ ಕಾಟವನ್ನೂ ಮರೆಯಬಾರದು. ತಳಕ್ಕೆ ತಂತಿಬಲೆ ಹಾಕಿಸಿರಿ.

ಇನ್ನು ಸವೆತದ ಸದ್ದು. ಬೇರಿಂಗ್ ಕೆಟ್ಟರೆ ಬರುವುದು ದಡದಡ ಅಲ್ಲ, ಗುರ್ರ್ ಎಂಬ ಮೊರೆತ. ಒಗೆಯುವಾಗ ಕಡಿಮೆ, ಹಿಂಡುವಾಗ ವೇಗ ಏರಿದಂತೆ ಏರುತ್ತದೆ, ಬಟ್ಟೆ ಇರಲಿ ಇಲ್ಲದಿರಲಿ. ಹಳೆಯ ಪಂಪಿನ ಮೋಟಾರು ಮೊರೆಯುವುದನ್ನು ಕೇಳಿದವರಿಗೆ ಇದರ ಗುರುತು ಹತ್ತುತ್ತದೆ. ಮುಂದೆ ಬಾಗಿಲಿರುವ ಯಂತ್ರವಾದರೆ ಡ್ರಮ್ಮಿನ ಅಂಚನ್ನು ಹಿಡಿದು ಮೇಲೆ ಕೆಳಗೆ ಎತ್ತಿರಿ. ಡ್ರಮ್ಮೂ ಹೊರತೊಟ್ಟಿಯೂ ಕೂಡಿಯೇ ಏಳಬೇಕು. ಒಳಗಿನ ಡ್ರಮ್ಮೊಂದೇ ಸಡಿಲವಾಗಿ ಆಡಿದರೆ ಬೇರಿಂಗ್ ಸವೆದಿದೆ. ಯಂತ್ರದ ಕೆಳಗೆ ತುಕ್ಕಿನ ಬಣ್ಣದ ನೀರಿನ ಕಲೆ ಇದ್ದರೆ ಅನುಮಾನವೇ ಬೇಡ.

ಬೇರಿಂಗ್ ತಾನಾಗಿ ಕೆಡುವುದಕ್ಕಿಂತ, ಅದರ ಮುಂದಿರುವ ರಬ್ಬರ್ ಸೀಲು ಸವೆದು ಸೋಪಿನ ನೀರು ಒಳನುಗ್ಗಿ ಕೆಡುವುದೇ ಹೆಚ್ಚು. ನಮ್ಮ ಆಳದ ಕೊಳವೆಬಾವಿಗಳ ನೀರು ಗಡಸು. ಅನ್ನದ ಪಾತ್ರೆಯಲ್ಲಿ ಬಿಳಿಯ ಪದರ ಕಟ್ಟುವಂತೆ ಯಂತ್ರದ ಒಳಮೈಯಲ್ಲೂ ಕಟ್ಟುತ್ತದೆ. ನೊರೆ ಬರಲಿಲ್ಲವೆಂದು ಇನ್ನಷ್ಟು ಪುಡಿ ಸುರಿದರೆ ಕಿಟ್ಟ ಹೆಚ್ಚುವುದೇ ಹೊರತು ಬಟ್ಟೆ ಬೆಳ್ಳಗಾಗುವುದಿಲ್ಲ. ತಿಂಗಳಿಗೊಮ್ಮೆ ಉಗುರುಬೆಚ್ಚಗಿನ ನೀರಿಗೆ ನಿಂಬೆ ಉಪ್ಪು ಹಾಕಿ ಬಟ್ಟೆಯಿಲ್ಲದೆ ಒಮ್ಮೆ ತಿರುಗಿಸಿ ಚೆಲ್ಲಿರಿ. ಅದರೊಡನೆ ಬ್ಲೀಚಿಂಗ್ ಪುಡಿ ಬೆರೆಸಬಾರದು, ವಿಷಗಾಳಿ ಏಳುತ್ತದೆ. ಮಳೆಗಾಲದಲ್ಲಿ ಮಾಡಿನ ನೀರು ಹಿಡಿದಿಟ್ಟವರು ಅದನ್ನೇ ಒಗೆಯಲು ಬಳಸಿದರೆ ಬಹಳ ಒಳ್ಳೆಯದು.

ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕಿ ಅಭ್ಯಾಸವಾದ ಕೈ ಇಲ್ಲಿಯೂ ಎಣ್ಣೆ ಬಿಡಲು ಹೋಗುತ್ತದೆ. ಅದು ಬೇರಿಂಗನ್ನು ತಲುಪುವುದಿಲ್ಲ, ರಬ್ಬರನ್ನು ಹಾಳುಮಾಡುತ್ತದೆ, ಬಟ್ಟೆಗೂ ಕಲೆ. ಮೊರೆತ ಕೇಳಿಬಂದ ಮೇಲೆ ಕಾಲ ತಳ್ಳಬಾರದು. ಬೇರಿಂಗೂ ಸೀಲೂ ಬದಲಾಯಿಸಿದರೆ ಮುಗಿಯುವ ಕೆಲಸ, ಬಿಟ್ಟರೆ ಅಚ್ಚನ್ನು ಕೊರೆಯುತ್ತದೆ. ಇನ್ನೂ ಬಿಟ್ಟರೆ ಡ್ರಮ್ಮು ಹೊರತೊಟ್ಟಿಗೆ ಬಡಿದು ತೊಟ್ಟಿಯೇ ಸೀಳುತ್ತದೆ. ಅಷ್ಟರಲ್ಲಿ ರಿಪೇರಿಯ ಖರ್ಚು ಹೊಸ ಯಂತ್ರದ ಬೆಲೆಯ ಕಡೆಗೆ ಓಡಿರುತ್ತದೆ.

ಮೆಕಾನಿಕ್ಕಿಗೆ “ಸದ್ದು ಬರುತ್ತದೆ” ಎಂದಷ್ಟೇ ಹೇಳಬೇಡಿರಿ. ಒಗೆಯುವಾಗಲೋ ಹಿಂಡುವಾಗಲೋ, ಖಾಲಿಯಿದ್ದಾಗಲೂ ಬರುತ್ತದೆಯೋ, ದಡದಡವೋ ಮೊರೆತವೋ ಎಂಬುದನ್ನು ಹೇಳಿರಿ. ಎರಡು ತೊಟ್ಟಿಯ ಯಂತ್ರದಲ್ಲಿ ಒಗೆಯುವ ಮೋಟಾರು ಬೇರೆ, ಹಿಂಡುವ ಮೋಟಾರು ಬೇರೆ. ಹಿಂಡುವಾಗ ಮಾತ್ರ ಸದ್ದಿದ್ದರೆ ಒಗೆಯುವ ಮೋಟಾರಿಗೆ ಹಣ ತೆರಬೇಕಾಗಿಲ್ಲ. ವಾರಂಟಿ ಕಾರ್ಡಿನ ಅವಧಿ ಮುಗಿದಿಲ್ಲವಾದರೆ ಹೊರಗಿನವರ ಕೈಯಲ್ಲಿ ಬಿಚ್ಚಿಸಬೇಡಿರಿ. ಬೇರಿಂಗ್ ಬದಲಾಯಿಸಿದರೆ ಹಳೆಯದನ್ನು ಕೇಳಿ ಪಡೆಯಿರಿ. ಅದರ ಅಂಚಿನಲ್ಲಿ 6205 ಎಂಬಂತೆ ಒಂದು ಸಂಖ್ಯೆ ಕೊರೆದಿರುತ್ತದೆ. ಹೊಸದರಲ್ಲಿಯೂ ಅದೇ ಇರಬೇಕು. ಹಳೆಯದನ್ನು ಬೆರಳಿಗೆ ಸಿಕ್ಕಿಸಿ ತಿರುಗಿಸಿ ನೋಡಿರಿ. ಕರಕರ ಎನ್ನದೆ ನಯವಾಗಿ ಸುತ್ತಿದರೆ ರೋಗ ಬೇರೆ ಕಡೆ ಇದೆ. ಹಣ ಕೊಡುವ ಮುಂಚೆ ಅಲ್ಲಿಯೇ ಯಂತ್ರವನ್ನು ಇನ್ನೊಮ್ಮೆ ಖಾಲಿ ತಿರುಗಿಸಿ ತೋರಿಸುವಂತೆ ಕೇಳಿರಿ.